ಇಂಪ್ಲಾಂಟ್ ಇಟ್ಟ ಎದೆಗೆ ಸೋಂಕು ತಗುಲಿದೆಯೆಂದು ತಿಳಿಯಲು ಜ್ವರ ಬರುವವರೆಗೆ ಕಾಯಬೇಕೆ?

ಬದಿಯಡ್ಕದ ತಂಗಿ (ಜೂನ್ 8, ರಾತ್ರಿ 9.20)

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನಿಗೆ ಈಗ 44 ವರ್ಷ. ಮೇ 27ರಂದು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕ್ಯಾನ್ಸರಿನ ಕಾರಣಕ್ಕೆ ಅವಳ ಎಡಸ್ತನವನ್ನು ತೆಗೆದು, ಅದೇ ಹೊತ್ತಿನಲ್ಲಿ ಎದೆಯ ಸ್ನಾಯುವಿನ ಅಡಿಯಲ್ಲಿ ಎಕ್ಸ್‌ಪಾಂಡರ್ ಇಟ್ಟಿದ್ದಾರೆ. ಅಂದರೆ ಈಗ ಒಳಗಿರುವುದು ಅರೆಖಾಲಿಯಾದ ಒಂದು ಚೀಲ. ಗಾಯ ಒಣಗಿದ ಮೇಲೆ ಅದಕ್ಕೆ ಆಗಾಗ ಸಲೈನ್ ತುಂಬಿಸಿ ಚರ್ಮವನ್ನು ಹಿಗ್ಗಿಸುತ್ತಾರೆ, ಕೆಲವು ತಿಂಗಳು ಕಳೆದು ಆ ಜಾಗದಲ್ಲಿ ಸಿಲಿಕೋನ್ ಇಂಪ್ಲಾಂಟ್ ಕೂರಿಸುತ್ತಾರೆ. ಜೂನ್ 1ರಂದು, ಗಾಯದೊಳಗಿನ ದ್ರವವನ್ನು ಹೊರಗೆಳೆಯುವ ಎರಡು ಡ್ರೈನ್ ಬಾಟ್ಲಿಗಳ ಸಮೇತ ಮನೆಗೆ ಬಂದಳು. ಕಂಕುಳಿನ ಬಾಟ್ಲಿಯ ಬಗ್ಗೆ ನನಗೆ ಚಿಂತೆಯಿಲ್ಲ, ಎದೆಯ ಬಾಟ್ಲಿಯದ್ದೇ ಪ್ರಶ್ನೆ.

ಶಾಲೆಯಲ್ಲಿ ದಿನವೂ ಹಾಜರಿ ಬರೆಯುವ ಅಭ್ಯಾಸದಿಂದಲೋ ಏನೋ, ಅವಳು ಮನೆಗೆ ಬಂದಂದಿನಿಂದ ಪ್ರತಿ ಬೆಳಗ್ಗೆ ಏಳು ಗಂಟೆಗೆ ಬಾಟ್ಲಿಯ ಅಳತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಜೂನ್ 3ಕ್ಕೆ 65 ಮಿಲಿ ಇತ್ತು, 4ಕ್ಕೆ 50, 5ಕ್ಕೆ 40, ಆಮೇಲೆ ಎರಡು ದಿನ 35. ಇಂದು 60. ಬಣ್ಣವೂ ಹಾಗೆಯೇ: ಮನೆಗೆ ಬಂದ ದಿನ ಪುನರ್ಪುಳಿ ಶರಬತ್ತಿನಂತಿದ್ದದ್ದು ದಿನದಿಂದ ದಿನಕ್ಕೆ ತಿಳಿಯಾಗುತ್ತ ಮೊನ್ನೆ ಹಾಲು ಹಾಕದ ತೆಳು ಚಹಾದಂತಾಗಿತ್ತು, ಇಂದು ಕಿಟಕಿಯ ಬೆಳಕಿಗೆ ಹಿಡಿದರೆ ಅಕ್ಕಚ್ಚಿನ ಹಾಗೆ ಕದಡಿಕೊಂಡಿದೆ. ಎದೆಯ ಕೆಳಬದಿಯ ಚರ್ಮ ನಿನ್ನೆಗಿಂತ ಸ್ವಲ್ಪ ಮಿನುಗುತ್ತಿದೆ ಎಂದು ನನಗೆ ಕಾಣುತ್ತದೆ, ಅಮ್ಮನಿಗೆ ಕಾಣುವುದಿಲ್ಲ. ಜ್ವರವಿಲ್ಲ, 99.1 ಡಿಗ್ರಿ. ನೋವು ಏನೂ ಇಲ್ಲವೆಂದು ಅಕ್ಕ ಹೇಳುತ್ತಾಳೆ.

ಡಿಸ್ಚಾರ್ಜ್ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿದೆ. ಜ್ವರ, ಕೀವು ಅಥವಾ ತೀವ್ರ ನೋವು ಕಂಡರೆ ಬರಬೇಕೆಂದು ಅದರ ಕೊನೆಯಲ್ಲಿ ಒಂದೇ ಒಂದು ಸಾಲು. ಆ ಮೂರರಲ್ಲಿ ಒಂದೂ ಇಲ್ಲ. ಮುಂದಿನ ಭೇಟಿ 12ಕ್ಕೆ. ಈ ಮಳೆಯಲ್ಲಿ ಅವಳನ್ನು ಕಾರಿನಲ್ಲಿ ಕೂರಿಸಿ ತಲಪಾಡಿಯ ಕೇರಳ-ಕರ್ನಾಟಕ ಗಡಿ ದಾಟಿಸುವಷ್ಟು ದೊಡ್ಡ ಸಂಗತಿಯೇ ಇದು, ಅಥವಾ ನಾನೇ ಸುಮ್ಮನೆ ಹೆದರುತ್ತಿದ್ದೇನೆಯೆ?

ರಾತ್ರಿಪಾಳಿ (ಜೂನ್ 8, ರಾತ್ರಿ 9.55)

ತಂಗೀ, ನನ್ನ ಊರು ಪೆರ್ಲ, ಕೆಲಸ ಮಂಗಳೂರಿನಲ್ಲಿ. ಹದಿನಾರು ವರ್ಷಗಳಿಂದ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಉಳಿದದ್ದನ್ನು ಆಮೇಲೆ ಓದಿ, ಮೊದಲು ಡಿಸ್ಚಾರ್ಜ್ ಚೀಟಿಯಲ್ಲಿರುವ ನಂಬರಿಗೆ ಈಗಲೇ ಫೋನ್ ಮಾಡಿ. ಎಕ್ಸ್‌ಪಾಂಡರ್ ಇಟ್ಟು ಹನ್ನೆರಡನೆಯ ದಿನ, ಡ್ರೈನಿನ ಅಳತೆ ಇಳಿದು ಮತ್ತೆ ಏರಿದೆ, ನೀರು ಕದಡಿದೆ, ಚರ್ಮ ಬಿಗಿದು ಮಿನುಗುತ್ತಿದೆ ಎಂದು ನೇರವಾಗಿ ಹೇಳಿ. ‘ಸ್ವಲ್ಪ ಸಂಶಯ ಇತ್ತು’ ಎಂದು ಶುರುಮಾಡಿದರೆ ಫೋನ್ ಎತ್ತಿದವರು ‘12ಕ್ಕೆ ಬರುವಾಗ ತೋರಿಸಿ’ ಎಂದು ಇಟ್ಟುಬಿಡುತ್ತಾರೆ. ಇದನ್ನು ನಾನು ಆ ಕಡೆಯಲ್ಲಿ ಕುಳಿತವಳಾಗಿಯೇ ಹೇಳುತ್ತಿದ್ದೇನೆ.

ಜ್ವರ ಇಲ್ಲವೆಂಬ ಸಮಾಧಾನ ಬೇಡ. ಅವರಿಗೆ ನೋವಿಗೆಂದು ದಿನಕ್ಕೆ ಮೂರು ಹೊತ್ತು ಪ್ಯಾರಾಸಿಟಮಾಲ್ ಬರೆದುಕೊಟ್ಟಿರುತ್ತಾರೆ, ಅಲ್ಲವೇ? ಅದೇ ಜ್ವರವನ್ನೂ ಅಡಗಿಸುತ್ತದೆ. ಮಾತ್ರೆ ನುಂಗಿ ಎರಡು ಗಂಟೆಯ ಮೇಲೆ ನೋಡಿದ ಡಿಗ್ರಿಗೆ ಬೆಲೆಯಿಲ್ಲ, ಮುಂದಿನ ಮಾತ್ರೆ ಕೊಡುವುದಕ್ಕೆ ಸ್ವಲ್ಪ ಮೊದಲು ನೋಡಬೇಕು. ನೋವಿಲ್ಲ ಎಂಬುದೂ ಅಷ್ಟೆ. ಸ್ತನ ತೆಗೆಯುವಾಗ ಚರ್ಮಕ್ಕೆ ಬರುವ ನರಗಳು ತುಂಡಾಗುವುದರಿಂದ ಆ ಜಾಗ ಮರಗಟ್ಟಿರುತ್ತದೆ. ಬೇರೆಯವರ ಗಾಯದಲ್ಲಿ ನೋವು ಕೊಡುವ ಎಚ್ಚರಿಕೆ ಇಲ್ಲಿ ಬರದೇ ಹೋಗಬಹುದು.

ಇನ್ನೊಂದು ಮಾತು, ಯಾರಾದರೂ ಹಿರಿಯರು ಉಪ್ಪಿನ ಶಾಖವನ್ನೋ ಬಿಸಿನೀರಿನ ಚೀಲವನ್ನೋ ಕೊಡಲು ಹೊರಟರೆ ದಯವಿಟ್ಟು ತಡೆಯಿರಿ. ಸ್ಪರ್ಶವಿಲ್ಲದ ತೆಳು ಚರ್ಮ ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಹೊಲಿಗೆ-ಗಂಟು (ಜೂನ್ 9, ಬೆಳಗ್ಗೆ 6.10)

ನಾನು ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ, ತಂದೆಯ ಮನೆ ಮುಳ್ಳೇರಿಯದ ಹತ್ತಿರ. ನೋಡದೆ ರೋಗ ಹೇಳುವುದು ಸರಿಯಲ್ಲವಾದ್ದರಿಂದ ನಿಮ್ಮ ಅಕ್ಕನಿಗೆ ಸೋಂಕು ಇದೆಯೆಂದು ನಾನು ಹೇಳುವುದಿಲ್ಲ. ಆದರೆ ನೀವು ಬರೆದಿರುವ ಅಳತೆಯನ್ನು ನನಗೆ ಯಾರಾದರೂ ಫೋನಿನಲ್ಲಿ ಓದಿ ಹೇಳಿದ್ದರೆ ಅದೇ ದಿನ ಬರಹೇಳುತ್ತಿದ್ದೆ. ರಾತ್ರಿಪಾಳಿ ಅಕ್ಕ ಸರಿಯಾಗಿಯೇ ಬರೆದಿದ್ದಾರೆ.

ಇಷ್ಟೊಂದು ಅವಸರ ಏಕೆಂದು ಕೇಳಬಹುದು. ಸಾಮಾನ್ಯ ಗಾಯದಲ್ಲಿ ಸೋಂಕಾದರೆ ರಕ್ತದ ಮೂಲಕ ಬಿಳಿರಕ್ತಕಣಗಳೂ ಔಷಧವೂ ಅಲ್ಲಿಗೆ ತಲುಪುತ್ತವೆ. ಇಂಪ್ಲಾಂಟಿನೊಳಗೆ ರಕ್ತನಾಳವಿಲ್ಲ. ಅದರ ಮೇಲ್ಮೈಗೆ ಬ್ಯಾಕ್ಟೀರಿಯಾ ಒಮ್ಮೆ ಅಂಟಿಕೊಂಡರೆ ತಾವೇ ಸ್ರವಿಸುವ ಲೋಳೆಯ ಒಂದು ಪದರವನ್ನು ಹೊದ್ದುಕೊಳ್ಳುತ್ತವೆ, ಅದನ್ನೇ ಬಯೋಫಿಲ್ಮ್ ಎನ್ನುವುದು. ಕೊಳದ ಮೆಟ್ಟಿಲಿನ ಪಾಚಿಯನ್ನು ನೀರು ಎರಚಿ ತೆಗೆಯಲಾಗದಂತೆ, ಬಲಿತ ಬಯೋಫಿಲ್ಮನ್ನು ಬರಿಯ ಆಂಟಿಬಯೋಟಿಕ್ಕಿನಿಂದ ತೆಗೆಯಲಾಗುವುದಿಲ್ಲ. ಮೂಳೆರೋಗ ತಜ್ಞ ಆಂಟನಿ ಗ್ರಿಸ್ಟಿನಾ 1987ರಲ್ಲಿ ಇದನ್ನು ಮೇಲ್ಮೈಗಾಗಿ ನಡೆಯುವ ಓಟವೆಂದು ವಿವರಿಸಿದರು: ದೇಹದ ಜೀವಕೋಶಗಳು ಮೊದಲು ಆ ಮೇಲ್ಮೈಯನ್ನು ಹಿಡಿದುಕೊಂಡರೆ ನಾವು ಗೆದ್ದೆವು, ಬ್ಯಾಕ್ಟೀರಿಯಾ ಹಿಡಿದರೆ ಇಂಪ್ಲಾಂಟನ್ನೇ ತೆಗೆಯುವ ಪ್ರಸಂಗ ಬರುತ್ತದೆ. ಸೋಂಕು ಚರ್ಮದ ಮಟ್ಟದಲ್ಲಿರುವಾಗ ಕೈಗೆ ಸಿಕ್ಕರೆ ಮಾತ್ರೆ ಅಥವಾ ಇಂಜೆಕ್ಷನಿನಲ್ಲಿ ಮುಗಿಯಬಹುದು. ಒಳಗೆ ದ್ರವ ಕಟ್ಟಿಕೊಂಡ ಮೇಲೆ ಸಿಕ್ಕರೆ ತೆರೆದು, ತೊಳೆದು, ಹೊಸದನ್ನು ಇಡುವ ಅವಕಾಶ ಇನ್ನೂ ಇರುತ್ತದೆ. ಅದನ್ನೂ ಮೀರಿದರೆ ತೆಗೆದು ತಿಂಗಳುಗಟ್ಟಲೆ ಕಾಯುವುದೇ ದಾರಿ.

ಪ್ರಕಟವಾದ ಅಧ್ಯಯನಗಳಲ್ಲಿ ಈ ಸೋಂಕಿನ ಪ್ರಮಾಣ ಶೇಕಡಾ 1ರಿಂದ 35ರವರೆಗೆ ಹರಡಿಕೊಂಡಿದೆ. ಇಷ್ಟು ಅಗಲವಾದ ಅಂಕಿಯಿಂದ ಒಬ್ಬ ರೋಗಿಗೆ ಏನೂ ತಿಳಿಯುವುದಿಲ್ಲ, ಅದನ್ನು ಬಿಡಿ. ಸಕ್ಕರೆ ಕಾಯಿಲೆ, ಧೂಮಪಾನ, ಹೆಚ್ಚಿನ ತೂಕ, ರೇಡಿಯೇಶನ್, ಗಾಯದ ಅಂಚಿನ ಚರ್ಮ ಕಪ್ಪಾಗಿ ಸಾಯುವುದು, ಡ್ರೈನ್ ಬಹಳ ದಿನ ಉಳಿಯುವುದು, ಇವುಗಳಲ್ಲಿ ಒಂದಿದ್ದರೂ ಕಣ್ಣು ಹೆಚ್ಚು ತೆರೆದಿರಬೇಕು.

ಕುಂಬಳೆ ಮಾಸ್ತರ್ (ಜೂನ್ 9, ಬೆಳಗ್ಗೆ 8.30)

ಮನೆಯಲ್ಲಿ ಸೊಸೆಗೆ ಮುಂದಿನ ತಿಂಗಳು ಇದೇ ಶಸ್ತ್ರಚಿಕಿತ್ಸೆ ಇರುವುದರಿಂದ ಒಂದೊಂದಕ್ಷರ ಓದುತ್ತಿದ್ದೇನೆ. ಕೆಂಪಾಗುವುದು ಸೋಂಕಿನ ಮೊದಲ ಗುರುತೆಂದು ಎಲ್ಲ ಕಡೆ ಬರೆದಿರುತ್ತಾರೆ. ನಮ್ಮ ಮೈಬಣ್ಣದಲ್ಲಿ ಕೆಂಪು ಕಾಣುವುದು ಹೇಗೆ? ನನ್ನ ಕಾಲಿಗೆ ಹುಣ್ಣಾದಾಗ ವೈದ್ಯರು ಕೆಂಪಾಗಿದೆ ಎಂದರು, ನನಗೆ ಕಂಡದ್ದು ಕಪ್ಪಿನ ಮೇಲೆ ಇನ್ನಷ್ಟು ಕಪ್ಪು.

ರಾತ್ರಿಪಾಳಿ (ಜೂನ್ 9, ಬೆಳಗ್ಗೆ 9.05)

ಮಾಷ್ಟ್ರೇ, ನೀವು ಕೇಳಿದ್ದನ್ನು ನಮಗೆ ಪಾಠ ಮಾಡುವಾಗ ಯಾರೂ ಹೇಳಿಕೊಡಲಿಲ್ಲ. ಪುಸ್ತಕದ ಚಿತ್ರಗಳೆಲ್ಲ ಬಿಳಿಯ ಚರ್ಮದವು. ನಮ್ಮವರಲ್ಲಿ ಅದು ಕಂದು, ನೇರಳೆ ಅಥವಾ ಸುತ್ತಲಿಗಿಂತ ಗಾಢವಾದ ಛಾಯೆಯಾಗಿ ಕಾಣುತ್ತದೆ, ಕೆಲವೊಮ್ಮೆ ಬಣ್ಣ ಬದಲಾಗುವುದೇ ಇಲ್ಲ. ಆದ್ದರಿಂದ ಬಣ್ಣಕ್ಕಿಂತ ಶಾಖವನ್ನು ಮತ್ತು ಚರ್ಮದ ಬಿಗಿತವನ್ನು ನಂಬಬೇಕು. ಕೈ ತೊಳೆದು ಒರಸಿಕೊಂಡು ಬೆರಳುಗಳ ಹಿಂಬದಿಯನ್ನು ಮೊದಲು ಇನ್ನೊಂದು ಎದೆಗೆ, ಆಮೇಲೆ ಶಸ್ತ್ರಚಿಕಿತ್ಸೆಯಾದ ಎದೆಗೆ ತಾಗಿಸಿ ಹೋಲಿಸಿ ನೋಡಬೇಕು. ಚರ್ಮದ ಸಣ್ಣ ಸುಕ್ಕುಗಳು ಮಾಯವಾಗಿ ಮಾಗಿದ ಬದನೆಯಂತೆ ಹೊಳೆದರೆ ಅದು ಬಾವು. ಇಂಥ ಮುಟ್ಟಿ ನೋಡುವ ಕೆಲಸವನ್ನು ದಿನವೂ ಒಬ್ಬರೇ ಮಾಡಬೇಕು, ಇಂದು ಅತ್ತೆ ನಾಳೆ ನಾದಿನಿ ಎಂದಾದರೆ ನಿನ್ನೆಯದು ಯಾರ ಕೈಗೂ ನೆನಪಿರುವುದಿಲ್ಲ.

ಬಣ್ಣ ಬದಲಾದ ಜಾಗದ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಆರು ಗಂಟೆ ಕಳೆದ ಮೇಲೆ ಗೆರೆ ದಾಟಿದ್ದರೆ ವಾದಕ್ಕೆ ಎಡೆಯಿಲ್ಲ.

ಬದಿಯಡ್ಕದ ತಂಗಿ (ಜೂನ್ 9, ಸಂಜೆ 7.45)

ನಿನ್ನೆ ರಾತ್ರಿಯೇ ಫೋನ್ ಮಾಡಿದೆ. ಮೊದಲು ಎತ್ತಿದವರು 12ಕ್ಕೆ ಬನ್ನಿ ಎಂದರು. ರಾತ್ರಿಪಾಳಿ ಅಕ್ಕ ಹೇಳಿದ ಹಾಗೆ ಮಾತು ಜೋಡಿಸಿ ಮತ್ತೊಮ್ಮೆ ಹೇಳಿದಾಗ ಡ್ಯೂಟಿ ಡಾಕ್ಟರಿಗೆ ಕೊಟ್ಟರು, ಅವರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆತರಲು ಹೇಳಿದರು. ಬೆಳಗ್ಗೆ ಮಾತ್ರೆಗೆ ಮುಂಚೆ ನೋಡಿದರೆ 100.6 ಡಿಗ್ರಿ ಇತ್ತು. ಅಂದರೆ ಇದಕ್ಕೂ ಮುಂಚೆ ಎಷ್ಟು ದಿನ ಇತ್ತೋ, ನಾನು ಮಾತ್ರೆ ಕೊಟ್ಟ ಮೇಲೆಯೇ ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಡಿಸ್ಚಾರ್ಜ್ ದಿನ 38 ಇದ್ದ ಸಿಆರ್‌ಪಿ ಇಂದು 96. ಅಲ್ಟ್ರಾಸೌಂಡಿನಲ್ಲಿ ಎಕ್ಸ್‌ಪಾಂಡರಿನ ಕೆಳಗೂ ಹೊರಬದಿಗೂ ದ್ರವ ಕಟ್ಟಿಕೊಂಡಿರುವುದು ಕಂಡಿತು. ಅಲ್ಟ್ರಾಸೌಂಡ್ ನೋಡುತ್ತಲೇ ಸೂಜಿ ಹಾಕಿ ಸುಮಾರು 20 ಮಿಲಿ ತೆಗೆದು, ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳುಹಿಸಿ, ಅದಾದ ಮೇಲೆ ಆಂಟಿಬಯೋಟಿಕ್ ಇಂಜೆಕ್ಷನ್ ಶುರುಮಾಡಿದ್ದಾರೆ. ಅಡ್ಮಿಟ್ ಆಗಿದ್ದಾಳೆ. ನಾನು ವಾರ್ಡಿನ ಹೊರಗಿನ ಬೆಂಚಿನಿಂದ ಬರೆಯುತ್ತಿದ್ದೇನೆ.

ಒಂದು ಸಂಶಯ. 38 ಇದ್ದಾಗಲೇ ಅದು ಹೆಚ್ಚೇ ಅಲ್ಲವೇ? ಆಗಲೇ ಏಕೆ ಮನೆಗೆ ಕಳುಹಿಸಿದರು?

ಹೊಲಿಗೆ-ಗಂಟು (ಜೂನ್ 9, ರಾತ್ರಿ 10.30)

ಸರಿಯಾದ ಸಮಯಕ್ಕೆ ಹೋಗಿದ್ದೀರಿ. ಸಿಆರ್‌ಪಿ ಎಂಬುದು ದೇಹದಲ್ಲಿ ಎಲ್ಲಿ ಉರಿಯೂತವಿದ್ದರೂ ಯಕೃತ್ತು ಹೊರಬಿಡುವ ಒಂದು ಪ್ರೋಟೀನು. ಕತ್ತರಿ ಹಾಕಿದ ಮಾತ್ರಕ್ಕೇ ಅದು ಏರುತ್ತದೆ; ಶಸ್ತ್ರಚಿಕಿತ್ಸೆಯಾದ ಎರಡನೆಯ ಅಥವಾ ಮೂರನೆಯ ದಿನ ತುದಿ ಮುಟ್ಟಿ ಆಮೇಲೆ ಇಳಿಯಲು ತೊಡಗುತ್ತದೆ. ಐದನೆಯ ದಿನ 38 ಎಂದರೆ ಇಳಿಯುವ ದಾರಿಯಲ್ಲಿತ್ತೆಂದೇ ಅವರು ತಿಳಿದಿರಬೇಕು, ಅದು ತಪ್ಪೆಂದು ಹೇಳಲಾರೆ. ಇಳಿದದ್ದು ಮತ್ತೆ ಏರಿದ್ದೇ ಇಲ್ಲಿ ಮುಖ್ಯ. ಒಂದು ದಿನದ ಒಂದು ಅಂಕಿ ಅಷ್ಟೇನೂ ಹೇಳುವುದಿಲ್ಲ. ನಿಮ್ಮ ಬಾಟ್ಲಿಯ ಅಳತೆಯ ಹಾಗೆಯೇ ಇದನ್ನೂ ಹಿಂದಿನ ಅಂಕಿಯ ಪಕ್ಕದಲ್ಲಿಟ್ಟು ಓದಬೇಕು.

ಇದಕ್ಕೆ ವಿರುದ್ಧವಾದ ಎಚ್ಚರಿಕೆಯೂ ಇದೆ. ಚರ್ಮದ ಮೇಲೆ ಸದಾ ವಾಸಿಸುವ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್‌ನಂತಹ ಮೆದು ಸ್ವಭಾವದ ಬ್ಯಾಕ್ಟೀರಿಯಾ ಇಂಪ್ಲಾಂಟಿಗೆ ಅಂಟಿಕೊಂಡಾಗ ಸಿಆರ್‌ಪಿಯಾಗಲಿ ಬಿಳಿರಕ್ತಕಣಗಳ ಎಣಿಕೆಯಾಗಲಿ ಹೆಚ್ಚು ಅಲುಗದೇ ಇರಬಹುದು. ರಕ್ತಪರೀಕ್ಷೆ ಚೆನ್ನಾಗಿದೆ ಎಂದು ಕದಡಿದ ಡ್ರೈನನ್ನು ಮರೆಯುವಂತಿಲ್ಲ. ಈಚೆಗೆ ಆ ಡ್ರೈನ್ ದ್ರವದಲ್ಲೇ ಗ್ಲೂಕೋಸ್ ಎಷ್ಟು ಇಳಿದಿದೆ, ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ಎಷ್ಟು ಏರಿವೆ ಎಂದು ನೋಡಿ ಬೇಗ ಸುಳಿವು ಹಿಡಿಯುವ ಪ್ರಯತ್ನಗಳು ನಡೆಯುತ್ತಿವೆ. ಬ್ಯಾಕ್ಟೀರಿಯಾ ಮತ್ತು ಅವನ್ನು ಎದುರಿಸುವ ಬಿಳಿರಕ್ತಕಣಗಳು ಎರಡೂ ಸಕ್ಕರೆಯನ್ನು ಉಣ್ಣುವುದರಿಂದ ಅಲ್ಲಿ ಗ್ಲೂಕೋಸ್ ಇಳಿಯುತ್ತದೆಂಬ ತರ್ಕ ಸರಳವಾದದ್ದು.

ಎಂಆರ್‌ಐ ಏಕೆ ಮಾಡಲಿಲ್ಲ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಬಹಳಷ್ಟು ಎಕ್ಸ್‌ಪಾಂಡರ್‌ಗಳ ಸಲೈನ್ ತುಂಬಿಸುವ ಬಾಯಿಯಲ್ಲಿ ಅಯಸ್ಕಾಂತ ಇರುತ್ತದೆ. ಅಂಥವರನ್ನು ಆ ಯಂತ್ರದೊಳಗೆ ಮಲಗಿಸುವಂತಿಲ್ಲ.

ಗಾಜುಪಟ್ಟಿ (ಜೂನ್ 10, ಬೆಳಗ್ಗೆ 7.15)

ಸೀತಾಂಗೋಳಿಯವನು, ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಟೆಕ್ನೀಶಿಯನ್. ತಂಗಿಯವರ ಬರಹದಲ್ಲಿ ನನಗೆ ಬಹಳ ಸಂತೋಷವಾದ ಒಂದು ಪದವಿದೆ, ‘ಅದಾದ ಮೇಲೆ’. ದ್ರವ ತೆಗೆದು, ಅದಾದ ಮೇಲೆ ಆಂಟಿಬಯೋಟಿಕ್. ನಮ್ಮಲ್ಲಿಗೆ ಬರುವ ಮಾದರಿಗಳಲ್ಲಿ ಎಷ್ಟೋ ಇದಕ್ಕೆ ತಲೆಕೆಳಗು. ಮನೆಯಲ್ಲಿ ಹಿಂದಿನ ಯಾವುದೋ ಕಾಯಿಲೆಯ ಅರ್ಧ ಸ್ಟ್ರಿಪ್ ಉಳಿದಿರುತ್ತದೆ, ಅದರಲ್ಲಿ ನಾಲ್ಕು ಮಾತ್ರೆ ನುಂಗಿ ಬರುತ್ತಾರೆ. ಪ್ಲೇಟಿನಲ್ಲಿ ಏನೂ ಬೆಳೆಯುವುದಿಲ್ಲ, ನಾವು ‘ಬೆಳವಣಿಗೆ ಇಲ್ಲ’ ಎಂದು ಬರೆದುಕೊಡುತ್ತೇವೆ, ಅದನ್ನು ಅವರು ‘ಸೋಂಕು ಇಲ್ಲ’ ಎಂದು ಓದುತ್ತಾರೆ. ಕೇರಳದಲ್ಲಿ 2024ರಲ್ಲಿ ‘ಆಪರೇಷನ್ ಅಮೃತ್’ ಎಂಬ ಔಷಧ ಇಲಾಖೆಯ ದಾಳಿ ಶುರುವಾದ ಮೇಲೆ ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೊಡಲು ಮೆಡಿಕಲ್ ಶಾಪಿನವರು ಹಿಂಜರಿಯುತ್ತಾರೆ. ಆದರೆ ಕಪಾಟಿನಲ್ಲಿ ಉಳಿದ ಸ್ಟ್ರಿಪ್ಪಿಗೆ ಯಾವ ಇಲಾಖೆಯೂ ದಾಳಿ ಮಾಡುವುದಿಲ್ಲ.

ಹತ್ತಿಯ ಕಡ್ಡಿಯಿಂದ ಗಾಯದ ಮೇಲ್ಭಾಗವನ್ನು ಒರಸಿ ತಂದರೆ ಚರ್ಮದ ಮೇಲಿನ ಖಾಯಂ ನಿವಾಸಿಗಳೇ ಬೆಳೆಯುತ್ತವೆ. ಸಿರಿಂಜಿನಲ್ಲಿ ಒಳಗಿನಿಂದ ಎಳೆದ ದ್ರವವೇ ಉತ್ತಮ. ಮೊದಲ ಗಂಟೆಯಲ್ಲಿ ಗ್ರಾಮ್ ಸ್ಟೇನ್, ಅಂದರೆ ಬಣ್ಣ ಹಾಕಿದ ಗಾಜುಪಟ್ಟಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಬ್ಯಾಕ್ಟೀರಿಯಾ ಗುಂಡಗಿನದೋ ಕಡ್ಡಿಯಂಥದ್ದೋ ಎಂದು ಹೇಳಬಹುದು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಹೇಳಲು ಎರಡು ಅಥವಾ ಮೂರು ದಿನ ಬೇಕು. ಸ್ಟೆಫಿಲೊಕಾಕಸ್ ಆರಿಯಸ್ ಮತ್ತು ಸುಡೋಮೊನಾಸ್ ಈ ಬಗೆಯ ಸೋಂಕಿನಲ್ಲಿ ಮತ್ತೆ ಮತ್ತೆ ಸಿಗುವ ಎರಡು ಹೆಸರು.

ತಡವಾಗಿ, ಅಂದರೆ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಗಾಯ ಸೋರುತ್ತಲೇ ಇದ್ದು, ಔಷಧಕ್ಕೆ ಜಗ್ಗದೆ, ಕಲ್ಚರಿನಲ್ಲಿ ಪ್ರತಿ ಸಲವೂ ಏನೂ ಬೆಳೆಯದಿದ್ದರೆ, ಕ್ಷಯದ ದೂರದ ಸಂಬಂಧಿಗಳಾದ ಏಟಿಪಿಕಲ್ ಮೈಕೋಬ್ಯಾಕ್ಟೀರಿಯಾಗಳನ್ನು ಹುಡುಕಬೇಕೆಂದು ವೈದ್ಯರು ಚೀಟಿಯಲ್ಲಿ ಪ್ರತ್ಯೇಕವಾಗಿ ಬರೆಯಬೇಕು. ಸಾಮಾನ್ಯ ಪ್ಲೇಟನ್ನು ನಾವು ಎರಡು ದಿನಕ್ಕೆ ಎಸೆದುಬಿಡುತ್ತೇವೆ. ಅವು ಕಾಣಿಸಿಕೊಳ್ಳಲು ಅದಕ್ಕಿಂತ ಹೆಚ್ಚು ದಿನ ಬೇಕು.

ಎರಡನೆಯ ಸರದಿ (ಜೂನ್ 11, ಮಧ್ಯಾಹ್ನ 2.40)

ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನನ್ನದು ಉಳಿಯಲಿಲ್ಲ.

ಶಸ್ತ್ರಚಿಕಿತ್ಸೆಯಾದದ್ದು 2020ರ ಮಾರ್ಚ್ ಮೊದಲ ವಾರ. ಮೂರನೆಯ ವಾರದಲ್ಲಿ ಕೊರೋನಾದಿಂದ ಗಡಿ ಮುಚ್ಚಿತು, ತಲಪಾಡಿಯಲ್ಲಿ ಆಂಬುಲೆನ್ಸುಗಳು ತಿರುಗಿ ಹೋದ ಆ ದಿನಗಳನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಕಂಡವರೆಲ್ಲ ‘ಗಡಿ ಮುಚ್ಚಿದ್ದರಿಂದ ನಿನ್ನ ಇಂಪ್ಲಾಂಟ್ ಹೋಯಿತು’ ಎಂದು ಕನಿಕರಿಸಿದರು, ನಾನೂ ಬಹಳ ಕಾಲ ಹಾಗೆಯೇ ಹೇಳಿಕೊಂಡು ತಿರುಗಿದೆ. ಆದರೆ ರಸ್ತೆ ಬಂದ್ ಆಗುವುದಕ್ಕೆ ನಾಲ್ಕು ದಿನ ಮೊದಲೇ ನನ್ನ ಬ್ಲೌಸಿನ ಒಳಬದಿಯಲ್ಲಿ ಹತ್ತು ಪೈಸೆ ನಾಣ್ಯದಷ್ಟು ಹಳದಿ ಕಲೆ ಕಂಡಿತ್ತು. ಒಗೆಯುವ ಕಲ್ಲಿನ ಮೇಲೆ ಅದನ್ನು ಬೇರೆಯಾಗಿ ಉಜ್ಜಿದೆ. ಮರುದಿನವೂ ಇತ್ತು, ಮತ್ತೆ ಉಜ್ಜಿದೆ. ಜ್ವರ ಬಂದರೆ ಹೋಗೋಣ ಎಂದು ಮನಸ್ಸಿನಲ್ಲೇ ಒಪ್ಪಂದ ಮಾಡಿಕೊಂಡಿದ್ದೆ. ಆ ನಾಲ್ಕು ದಿನ ಬಸ್ಸೂ ಇತ್ತು, ರೈಲೂ ಇತ್ತು.

ಜ್ವರ ಬಂದಾಗ ದಾರಿ ಇರಲಿಲ್ಲ. ಸಮೀಪದ ಒಂದು ಕ್ಲಿನಿಕ್ಕಿಗೆ ಹೋದಾಗ ಅಲ್ಲಿದ್ದ ವೈದ್ಯರು ಒಳ್ಳೆಯ ಮನಸ್ಸಿನಿಂದಲೇ, ಕೀವು ಕಟ್ಟಿದೆ, ಸೂಜಿ ಚುಚ್ಚಿ ತೆಗೆದರೆ ಹಗುರಾಗುತ್ತದೆ ಎಂದರು. ಅಡಿಯಲ್ಲಿ ಚೀಲ ಇದೆಯೆಂದು ನನ್ನ ಗಂಡ ಹೇಳಿದ ಮೇಲೆ ಸೂಜಿಯನ್ನು ಕೆಳಗಿಟ್ಟರು. ಇಂಪ್ಲಾಂಟ್ ಇರುವ ಎದೆಯನ್ನು ಅವರು ಅದುವರೆಗೆ ನೋಡಿರಲಿಲ್ಲ, ಅದು ಅವರ ತಪ್ಪಲ್ಲ. ಆದ್ದರಿಂದ ನನ್ನ ಮಟ್ಟಿಗೆ ನಾನು ಹೇಳುವುದು ಇಷ್ಟೆ: ಶಸ್ತ್ರಚಿಕಿತ್ಸೆಯ ದಿನಾಂಕ, ಒಳಗೆ ಏನಿದೆ, ಯಾವ ಬದಿಯಲ್ಲಿದೆ, ಆಸ್ಪತ್ರೆಯ ಫೋನ್, ಅಲರ್ಜಿ ಇದ್ದರೆ ಅದು, ಮತ್ತು ‘ಅಲ್ಟ್ರಾಸೌಂಡ್ ಇಲ್ಲದೆ ಸೂಜಿ ಹಾಕಬೇಡಿ’ ಎಂಬ ವಾಕ್ಯ, ಇವಿಷ್ಟನ್ನು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಬರೆದ ಒಂದು ಕಾಗದ ಪರ್ಸಿನಲ್ಲಿರಲಿ. ಕನ್ನಡದಲ್ಲಿ ಬರೆದರೆ ನಮಗೆ ಹಿತ, ಆದರೆ ರಾತ್ರಿ ಹನ್ನೊಂದಕ್ಕೆ ಕಾಸರಗೋಡಿನ ಕ್ಯಾಶುವಲ್ಟಿಯಲ್ಲಿ ಅದನ್ನು ಓದುವವರು ಸಿಗುತ್ತಾರೆಂದು ಹೇಳಲಾಗದು.

ಮಂಗಳೂರು ಮುಟ್ಟುವಷ್ಟರಲ್ಲಿ ಹೊಲಿಗೆ ಬಿಟ್ಟು ಸಿಲಿಕೋನ್ ಹೊರಗೆ ಕಾಣುತ್ತಿತ್ತು. ತೆಗೆದರು. ಮರುವರ್ಷ ಬೆನ್ನಿನ ಸ್ನಾಯು ಮತ್ತು ಚರ್ಮ ಬಳಸಿ ಮತ್ತೆ ಕಟ್ಟಿದರು, ಚೆನ್ನಾಗಿದೆ. ಈಗ ತೆಂಗಿನಕಾಯಿ ತುರಿಯುವಾಗ ಬೆನ್ನು ಸ್ವಲ್ಪ ಎಳೆಯುತ್ತದೆ, ಅಷ್ಟೆ.

ಕುಂಬಳೆ ಮಾಸ್ತರ್ (ಜೂನ್ 11, ಸಂಜೆ 5.00)

ಓದಿ ಮನಸ್ಸು ಭಾರವಾಯಿತಮ್ಮ. ಬರೆದದ್ದು ಒಳ್ಳೆಯದಾಯಿತು.

ಇನ್ನೊಂದು ಪ್ರಶ್ನೆ, ಸಣ್ಣದೆನಿಸಬಹುದು. ಗಾಯ ಇರುವವರಿಗೆ ಮೀನು, ಮೊಟ್ಟೆ, ಬದನೆ, ಹಲಸು ಎಲ್ಲವೂ ನಂಜು ಎಂದು ನಮ್ಮ ಮನೆಯ ಹೆಂಗಸರು ಈಗಲೇ ಪಟ್ಟಿ ಮಾಡಿದ್ದಾರೆ. ಸೊಸೆಗೆ ಗಂಜಿ ಉಪ್ಪಿನಕಾಯಿಯೇ ಗತಿ ಎಂದು ಕಾಣುತ್ತದೆ. ನಂಜಿನ ಆಹಾರದಿಂದ ಸೋಂಕು ಬರುವುದುಂಟೆ?

ರಾತ್ರಿಪಾಳಿ (ಜೂನ್ 11, ರಾತ್ರಿ 8.20)

ಮಾಷ್ಟ್ರೇ, ನಮ್ಮ ಭಾಷೆಯಲ್ಲಿ ವಿಷಕ್ಕೂ ಗಾಯದ ಸೋಂಕಿಗೂ ಮೈಗೆ ಒಗ್ಗದ ಅಡುಗೆಗೂ ಒಂದೇ ಪದ ಇರುವುದರಿಂದ ಆದ ತೊಡಕು ಇದು. ಮೊಟ್ಟೆಯಿಂದ ಎದೆಗೆ ಬ್ಯಾಕ್ಟೀರಿಯಾ ಬರುವುದಿಲ್ಲ. ಗಾಯ ಕೂಡಿಕೊಳ್ಳಲು ಪ್ರೋಟೀನು ಬೇಕು. ಹದಿನೈದು ದಿನ ಬರಿಯ ಗಂಜಿಯಲ್ಲಿ ಕಳೆದವರ ಹೊಲಿಗೆ ಬಾಯಿಬಿಡುವುದನ್ನು ನಾನು ಕಂಡಿದ್ದೇನೆ. ಮೀನು ತಿನ್ನದ ಮನೆಯಾದರೆ ಹೆಸರು, ತೊಗರಿ, ಮೊಸರು ಧಾರಾಳ ಕೊಡಿ. ಸಕ್ಕರೆ ಕಾಯಿಲೆ ಇದ್ದರೆ ಹಲಸಿಗೆ ಮಾತ್ರ ಲೆಕ್ಕ ಇರಲಿ, ಅದು ನಂಜೆಂದು ಅಲ್ಲ, ಸಿಹಿಯೆಂದು.

ಉಪ್ಪಳದಿಂದ (ಜೂನ್ 12, ಬೆಳಗ್ಗೆ 10.10)

ಎಲ್ಲರೂ ಮೊದಲ ಎರಡು ವಾರದ ಬಗ್ಗೆಯೇ ಬರೆಯುತ್ತಿದ್ದೀರಿ. ನನ್ನ ಹೆಂಡತಿಗೆ ಡ್ರೈನ್ ತೆಗೆದು, ಹೊಲಿಗೆ ಒಣಗಿ, ಎರಡನೆಯ ಕೀಮೋ ಆದ ಹತ್ತನೆಯ ದಿನಕ್ಕೆ ಸಮಸ್ಯೆ ಬಂತು. ಎದೆಯಲ್ಲಿ ಬಾವಿಲ್ಲ, ಕೀವಿಲ್ಲ, ಚಳಿ ಜ್ವರ ಮಾತ್ರ. ಮಳೆಗಾಲದ ಜ್ವರವೆಂದು ಒಂದು ರಾತ್ರಿ ಕಳೆದೆವು. ಅದು ಎದೆಯಿಂದಲೇ ಬಂದ ಸೋಂಕಾಗಿತ್ತು. ದೇವರ ದಯೆಯಿಂದ ಬದುಕಿಕೊಂಡಳು.

ಹೊಲಿಗೆ-ಗಂಟು (ಜೂನ್ 12, ರಾತ್ರಿ 9.00)

ಅಣ್ಣ, ಇದು ಎಲ್ಲರೂ ಓದಬೇಕಾದ ಮಾತು. ಕೀಮೋ ಕೊಟ್ಟ ಸುಮಾರು ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಿಳಿರಕ್ತಕಣಗಳು ತಳಕ್ಕಿಳಿಯುತ್ತವೆ. ಕೀವು ಎಂದರೆ ಬಹುಪಾಲು ಸತ್ತ ಬಿಳಿರಕ್ತಕಣಗಳೇ; ಅವೇ ಇಲ್ಲದಾಗ ಕೀವಾಗಲಿ ಬಾವಾಗಲಿ ಹುಟ್ಟುವುದೆಲ್ಲಿಂದ? ಆ ದಿನಗಳಲ್ಲಿ 100.4 ಡಿಗ್ರಿ ದಾಟಿದರೆ ಮಾತ್ರೆ ಕೊಟ್ಟು ಬೆಳಗಿನವರೆಗೆ ನೋಡುವಂತಿಲ್ಲ, ಯಾವ ಆಸ್ಪತ್ರೆ ಹತ್ತಿರವೋ ಅಲ್ಲಿಗೆ ಹೋಗಿ ಕೀಮೋ ನಡೆಯುತ್ತಿದೆ ಎಂದೂ ಎದೆಯಲ್ಲಿ ಇಂಪ್ಲಾಂಟ್ ಇದೆ ಎಂದೂ ಎರಡನ್ನೂ ಹೇಳಬೇಕು. ಮಂಗಳೂರಿನವರೆಗಿನ ದಾರಿ ಆಮೇಲೆ.

ಕೆಂಪು ಕಂಡದ್ದೆಲ್ಲ ಸೋಂಕೂ ಅಲ್ಲ. ಇಂಪ್ಲಾಂಟಿಗೆ ಆಧಾರವಾಗಿ ಸಂಸ್ಕರಿಸಿದ ಚರ್ಮದ ಹಾಳೆಯೊಂದನ್ನು ಹೊಲಿಯುವುದುಂಟು. ಕೆಲವರಲ್ಲಿ ಆ ಹಾಳೆ ಇರುವಷ್ಟೇ ಜಾಗ ಕೆಂಪಾಗಿ, ಜ್ವರವಿಲ್ಲದೆ, ಹರಡದೆ, ತಾನಾಗಿಯೇ ಮಾಯುತ್ತದೆ. ಅದನ್ನು ಸೋಂಕಿನಿಂದ ಬೇರ್ಪಡಿಸುವುದು ನಮಗೇ ಕಷ್ಟ, ಮನೆಯವರು ಆ ತೀರ್ಮಾನ ಮಾಡುವುದು ಬೇಡ. ಇನ್ನು ವರ್ಷಗಳ ನಂತರ ಒಂದು ಬದಿ ಏಕಾಏಕಿ ಊದಿದರೆ ಸೋಂಕಿನ ಜೊತೆಗೆ ಇಂಪ್ಲಾಂಟಿನ ಸುತ್ತ ಬರುವ ಲಿಂಫೋಮಾ ಎಂಬ ಅಪರೂಪದ ಕ್ಯಾನ್ಸರನ್ನೂ ನೆನೆಯಬೇಕಾಗುತ್ತದೆ. ಒರಟು ಮೇಲ್ಮೈಯ ಕೆಲವು ಇಂಪ್ಲಾಂಟುಗಳನ್ನು 2019ರ ಜುಲೈಯಲ್ಲಿ ಹಿಂದಕ್ಕೆ ಪಡೆದದ್ದು ಇದೇ ಕಾರಣಕ್ಕೆ.

ಅಡೂರಿನ ಅತ್ತಿಗೆ (ಜೂನ್ 13, ಬೆಳಗ್ಗೆ 11.25)

ದಿನವೂ ಮೊಬೈಲಿನಲ್ಲಿ ಫೋಟೋ ತೆಗೆದು ಆಸ್ಪತ್ರೆಗೆ ಕಳುಹಿಸಬೇಕೆಂದು ನಮಗೆ ಹೇಳಿದ್ದರು. ಮನೆಯಲ್ಲಿ ಒಳ್ಳೆಯ ಫೋನ್ ಇರುವುದು ಮೈದುನನ ಹತ್ತಿರ. ಎದೆಯ ಫೋಟೋ ಅವನ ಫೋನಿನಲ್ಲಿ ಉಳಿಯುವುದು ಹೇಗೆ ಸಾಧ್ಯ? ನಾನು ಕಳುಹಿಸಲೇ ಇಲ್ಲ. ಇದನ್ನು ಡಾಕ್ಟರಿಗೆ ಹೇಳಲೂ ಇಲ್ಲ, ಫೋನ್ ಹಾಳಾಗಿದೆ ಎಂದೆ.

ರಾತ್ರಿಪಾಳಿ (ಜೂನ್ 13, ಮಧ್ಯಾಹ್ನ 1.00)

ಅತ್ತಿಗೆ, ನೀವೊಬ್ಬರೇ ಅಲ್ಲ. ನಮ್ಮಲ್ಲಿ ಫೋಟೋ ಬಾರದ ಎಷ್ಟೋ ಮನೆಗಳ ‘ಹಾಳಾದ ಫೋನ್’ ಇದೇ ಇರಬೇಕು. ಹೀಗೆ ಮಾಡಬಹುದು: ಒಂದು ಹಾಳೆಯಲ್ಲಿ ಬಳೆಯನ್ನಿಟ್ಟು ವೃತ್ತ ಎಳೆಯಿರಿ, ಗಡಿಯಾರದಂತೆ ಹನ್ನೆರಡು, ಮೂರು, ಆರು, ಒಂಬತ್ತು ಎಂದು ಬರೆಯಿರಿ. ಎಲ್ಲಿ ಬಣ್ಣ ಬದಲಾಗಿದೆಯೋ ಅಲ್ಲಿ ಪೆನ್ಸಿಲಿನಿಂದ ಮಸುಕು ಮಾಡಿ, ಎಲ್ಲಿ ಬಿಸಿ ಇದೆಯೋ ಅಲ್ಲಿ ಚುಕ್ಕಿ ಇಡಿ. ಫೋನಿನಲ್ಲಿ ‘ಐದು ಗಂಟೆಯಿಂದ ಏಳು ಗಂಟೆಯವರೆಗೆ’ ಎಂದರೆ ಯಾವ ಸರ್ಜನ್‌ಗೂ ಅರ್ಥವಾಗುತ್ತದೆ, ಅವರೂ ಸ್ತನದ ಜಾಗವನ್ನು ಹಾಗೆಯೇ ಗುರುತಿಸುವುದು. ಹೇಗೂ ಶಾಖ, ಬಿಗಿತ, ವಾಸನೆ ಯಾವುದೂ ಫೋಟೋದಲ್ಲಿ ಬರುವುದಿಲ್ಲ.

ಬದಿಯಡ್ಕದ ತಂಗಿ (ಜೂನ್ 24, ರಾತ್ರಿ 8.50)

ಇಷ್ಟು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಕಲ್ಚರಿನಲ್ಲಿ ಸ್ಟೆಫಿಲೊಕಾಕಸ್ ಆರಿಯಸ್ ಬೆಳೆಯಿತು. ಸಾಮಾನ್ಯ ಔಷಧಗಳಿಗೆ ಬಗ್ಗುವ ಜಾತಿಯದೇ ಎಂದು ವರದಿ ಬಂತು. 11ರಂದು ಮತ್ತೆ ಥಿಯೇಟರಿಗೆ ಒಯ್ದು, ಒಳಗೆಲ್ಲ ತೊಳೆದು, ಹಳೆಯ ಎಕ್ಸ್‌ಪಾಂಡರನ್ನು ತೆಗೆದು ಹೊಸದನ್ನು ಇಟ್ಟರು. ಇನ್ನೆರಡು ದಿನ ತಡವಾಗಿದ್ದರೆ ಹೊಸದನ್ನು ಇಡುವ ಧೈರ್ಯ ಮಾಡುತ್ತಿರಲಿಲ್ಲ ಎಂದು ಸರ್ಜನ್ ಹೇಳಿದರು. 18ಕ್ಕೆ ಮನೆಗೆ ಬಂದೆವು. ಸಿಆರ್‌ಪಿ ನಿನ್ನೆ 9. ಡ್ರೈನ್ ಸತತ ಎರಡು ದಿನ 30 ಮಿಲಿಗಿಂತ ಕೆಳಗೆ ಬಂದರೆ ತೆಗೆಯುತ್ತಾರಂತೆ, ಇಂದು 28.

ಡಿಸ್ಚಾರ್ಜಿನ ಹೊತ್ತಿಗೆ ಅವರಲ್ಲಿ ನನ್ನ ನೋಟ್‌ಬುಕ್ ತೋರಿಸಿ, ಚೀಟಿಯ ಕೊನೆಯ ಸಾಲಿನಲ್ಲಿ ಡ್ರೈನ್ ಮತ್ತೆ ಏರುವುದು, ಕದಡುವುದು ಎಂಬುದನ್ನೂ ಸೇರಿಸಿ ಕನ್ನಡದಲ್ಲೂ ಮಲಯಾಳದಲ್ಲೂ ಅಚ್ಚು ಹಾಕಬಾರದೇ ಎಂದು ಕೇಳಿದೆ. ನೋಡೋಣ ಎಂದರು. ಅಲ್ಲಿದ್ದ ಒಬ್ಬ ನರ್ಸ್ ಮಾತ್ರ ‘ಅಕ್ಕಚ್ಚು’ ಎಂಬ ನನ್ನ ಪದವನ್ನು ತಮ್ಮ ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡು ಹೋದರು.

ಈ ನೋಟ್‌ಬುಕ್ಕನ್ನು ಎಷ್ಟು ದಿನ ಮುಂದುವರಿಸಬೇಕು? ಅಕ್ಕನಿಗೆ ಬೇಸರ ಬಂದಿದೆ, ದಿನಬೆಳಗಾದರೆ ಪರೀಕ್ಷೆಗೆ ಕುಳಿತಂತಾಗುತ್ತದೆ ಎನ್ನುತ್ತಾಳೆ.

ಹೊಲಿಗೆ-ಗಂಟು (ಜೂನ್ 24, ರಾತ್ರಿ 10.15)

ಇಂಥ ಸೋಂಕುಗಳ ಲೆಕ್ಕ ಇಡಲು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಸ್ತನದ ಶಸ್ತ್ರಚಿಕಿತ್ಸೆಗೆ 90 ದಿನಗಳ ಅವಧಿಯನ್ನು ಇಟ್ಟುಕೊಂಡಿದೆ. ಮೊದಲ ದಿನವನ್ನು ಮೇ 27ರಿಂದ ಎಣಿಸಬೇಡಿ, ಹೊಸ ಎಕ್ಸ್‌ಪಾಂಡರ್ ಇಟ್ಟ ಜೂನ್ 11ರಿಂದ ಎಣಿಸಿ. ಡ್ರೈನ್ ತೆಗೆದ ಮೇಲೆ ದಿನವೂ ಬೇಡ, ವಾರಕ್ಕೆ ಎರಡು ಸಲ ಸಾಕು. ಸಲೈನ್ ತುಂಬಿಸಿದ ನಂತರದ ಮೂರು ದಿನ ಮತ್ತು ಕೀಮೋ ಶುರುವಾದರೆ ಆ ದಿನಗಳಲ್ಲಿ ಮಾತ್ರ ತಪ್ಪಿಸಬೇಡಿ.

ಬದಿಯಡ್ಕದ ತಂಗಿ (ಜೂನ್ 24, ರಾತ್ರಿ 10.40)

ಹಾಗಾದರೆ ಸೆಪ್ಟೆಂಬರ್ 8ರವರೆಗೆ ಆಯಿತು. ಇದರಲ್ಲಿ ಹಾಳೆ ಮುಗಿಯುತ್ತ ಬಂದಿದೆ, ನಾಳೆ ಶಾಲೆಯಿಂದ ಬರುವಾಗ ಇನ್ನೊಂದು ನೋಟ್‌ಬುಕ್ ತರುತ್ತೇನೆ.